ಗಾಡಿ ಕುಡಿದ ನೀರು ಎಲ್ಲಿಗೆ ಹೋಯಿತು?

ಸೋದರಿಯರೆ, ಈ ಸಲ ಒಲೆಯ ಮುಂದಿನಿಂದ ಎದ್ದು ಸ್ವಲ್ಪ ಅಂಗಳಕ್ಕೆ ಬರೋಣ. ಹೋದ ಸಂಚಿಕೆಯ ಶ್ಯಾವಿಗೆ, ಸಂಡಿಗೆ ಓದಿ ಬಹಳ ಜನ ಪತ್ರ ಬರೆದಿದ್ದೀರಿ, ಸಂತೋಷ. ಅವುಗಳ ನಡುವೆ ಲಿಂಗಸುಗೂರಿನ ಸೋದರಿಯೊಬ್ಬರ ಪತ್ರ ಮಾತ್ರ ಬೇರೆ ತರಹದ್ದು. ಅವರ ಮನೆಯಲ್ಲಿ ಹದಿನೆಂಟು ವರ್ಷದ ಹಳೇ ಕಾರಿದೆ. ಅತ್ತೆಯವರಿಗೆ ಹೃದಯದ ತೊಂದರೆ, ತಿಂಗಳಿಗೆ ಎರಡು ಸಲ ಡಾಕ್ಟರಿಗೆ ತೋರಿಸಲು ರಾಯಚೂರಿಗೆ ಹೋಗಬೇಕು. ಕಾರು ದಾರಿಯಲ್ಲಿ ಕಾಯುತ್ತದೆ, ನೀರು ಕಡಿಮೆಯಾಗುತ್ತದೆ. ಹೋದ ಸಲ ಕವಿತಾಳ ದಾಟಿದ ಮೇಲೆ ಉರಿಬಿಸಿಲಿನಲ್ಲಿ ನಿಂತೇಬಿಟ್ಟಿತಂತೆ. ಒಳಗೆ ಅತ್ತೆಯವರು, ಹೊರಗೆ ಒಂದು ಗಿಡದ ನೆರಳೂ ಇಲ್ಲ. "ಅಕ್ಕಾರೇ, ಮನೆಯಲ್ಲಿ ಕೇಳಿದರೆ ಹಳೇ ಗಾಡಿ ನೀರು ಕುಡಿಯುತ್ತದೆ, ನೀ ಹಾಕ್ತಾ ಇರು ಅಂತಾರೆ. ನಾನು ದಿನಾ ಹಾಕ್ತಾ ಇದ್ದೀನಿ. ಹೆಂಗಸರು ನೋಡಿ ತಿಳಿಯುವಂಥದ್ದು ಇದರಲ್ಲಿ ಏನಾದರೂ ಇದೆಯೇ?" ಎಂದು ಕೇಳಿದ್ದಾರೆ.

ಇದೆ. ಬಹಳ ಇದೆ. ದಿನಾ ಅಡಿಗೆ ಮಾಡುವ ಹೆಂಗಸಿಗೆ ತಿಳಿಯುವಷ್ಟು ಚೆನ್ನಾಗಿ ಇದು ಬೇರೆ ಯಾರಿಗೂ ತಿಳಿಯಲಾರದು ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಗಾಡಿಯ ನೀರಿನ ವ್ಯವಸ್ಥೆ ನಮ್ಮ ಕುಕ್ಕರಿನ ಅಣ್ಣ.

ಮೊದಲು ಒಂದು ಮಾತು. ಗಾಡಿ ನೀರು ಕುಡಿಯುವುದಿಲ್ಲ. ಪೆಟ್ರೋಲು ಕುಡಿಯುತ್ತದೆ, ಡೀಸೆಲು ಕುಡಿಯುತ್ತದೆ. ಅದು ಸುಟ್ಟು ಹೊಗೆಯಾಗಿ ಹೋಗುತ್ತದೆ, ದಿನಾ ಹಾಕಲೇಬೇಕು. ನೀರು ಹಾಗಲ್ಲ. ಅದು ಇಂಜಿನ್ನಿನ ಸುತ್ತ ಹರಿದು, ಕಾವು ಹೊತ್ತುಕೊಂಡು, ಮುಂದಿನ ರೇಡಿಯೇಟರಿಗೆ ಬಂದು, ಗಾಳಿಗೆ ತಣ್ಣಗಾಗಿ, ಮತ್ತೆ ಒಳಗೆ ಹೋಗುತ್ತದೆ. ಅದೇ ನೀರು, ಸುತ್ತಿ ಸುತ್ತಿ ಬರುವುದು. ಚಿಕ್ಕ ಕಾರಿನಲ್ಲಿ ಎಲ್ಲಾ ಸೇರಿ ಮೂರರಿಂದ ಐದು ಲೀಟರು. ಇದು ತಿಂಗಳುಗಟ್ಟಲೆ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ವಾರಕ್ಕೊಮ್ಮೆ ಬಾಟಲಿ ಹಾಕುವ ಹಾಗೆ ಆಯಿತು ಅಂದರೆ ಅದು ಯಾವುದೋ ದಾರಿಯಿಂದ ಹೊರಗೆ ಹೋಗಿದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರನ್ನು ಕೇಳಿ ನೋಡಿ. ಮೇಲೆ ಗೇಟು ತೆಗೆದದ್ದು ನಿಜ, ನೀರು ನಮ್ಮ ಹೊಲಕ್ಕೆ ಬರಲಿಲ್ಲ ಅಂದರೆ, ನಡುವೆ ಎಲ್ಲೋ ಹೋಯಿತು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲಿನಿಂದ ಇನ್ನೂ ಬಿಡಿ ಎನ್ನುವುದರ ಜೊತೆಗೆ ಎಲ್ಲಿ ಹೋಯಿತು ಎಂದೂ ಕೇಳುತ್ತಾರೆ. ಗಾಡಿಯ ವಿಷಯದಲ್ಲಿ ಮಾತ್ರ ನಾವು ಹಾಕುತ್ತಲೇ ಇರುತ್ತೇವೆ, ಕೇಳುವುದಿಲ್ಲ.

ಈಗ ಕುಕ್ಕರಿನ ಮಾತು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನಲ್ಲಿ ಗ್ಯಾಸ್ಕೆಟ್ ಹಾಕಿ, ಮುಚ್ಚಿ, ಮೇಲೆ ವೇಟ್ ಇಟ್ಟರೆ ಒತ್ತಡ ಏರಿ ಸುಮಾರು 120 ಡಿಗ್ರಿಯವರೆಗೆ ಹೋಗುತ್ತದೆ, ಅದಕ್ಕೇ ಬೇಳೆ ಬೇಗ ಬೇಯುವುದು. ರೇಡಿಯೇಟರಿನ ಮುಚ್ಚಳವೂ ಹಾಗೆಯೇ. ಅದರ ಮೇಲೆ 0.9 ಎಂದೋ 1.1 ಎಂದೋ ಬರೆದಿರುತ್ತದೆ, ಅದೇ ಒತ್ತಡದ ಲೆಕ್ಕ, ಹೆಚ್ಚು ಕಡಿಮೆ ನಮ್ಮ ಕುಕ್ಕರಿನಷ್ಟೇ. ಆ ಒತ್ತಡದಿಂದಾಗಿ ಒಳಗಿನ ನೀರು 100 ದಾಟಿದರೂ ಕುದಿಯದೆ ತನ್ನ ಕೆಲಸ ಮಾಡುತ್ತಿರುತ್ತದೆ. ಕೂಲಂಟ್ ಬೆರೆಸಿದ್ದರೆ ಇನ್ನೂ ಸ್ವಲ್ಪ ಮೇಲೆ ತಡೆಯುತ್ತದೆ. ಮುಚ್ಚಳದ ಒಳಗೆ ಒಂದು ಸ್ಪ್ರಿಂಗು, ಒಂದು ರಬ್ಬರಿನ ಬಳೆ, ನಡುವೆ ಇನ್ನೊಂದು ಪುಟ್ಟ ವಾಲ್ವು. ಕಾವೇರಿದಾಗ ಹೆಚ್ಚಾದ ನೀರನ್ನು ಪಕ್ಕದ ಬಿಳಿ ಪ್ಲಾಸ್ಟಿಕ್ ಡಬ್ಬಿಗೆ ಬಿಡುವುದು, ತಣ್ಣಗಾದಾಗ ಅದೇ ನೀರನ್ನು ವಾಪಸು ಎಳೆದುಕೊಳ್ಳುವುದು, ಎರಡೂ ಈ ಮುಚ್ಚಳದ ಕೆಲಸ.

ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾದರೆ ಏನಾಗುತ್ತದೆ? ಸೀಟಿ ಹೊಡೆಯುವುದಿಲ್ಲ, ಅಂಚಿನಲ್ಲೆಲ್ಲಾ ಆವಿ ಹೋಗುತ್ತದೆ, ಕಡೆಗೆ ನೀರು ಆರಿ ಬೇಳೆ ತಳ ಹಿಡಿಯುತ್ತದೆ. ಆಗ ನಾವು ಕುಕ್ಕರು ಹಳೆಯದಾಯಿತು, ನೀರು ಕುಡಿಯುತ್ತದೆ ಅನ್ನುತ್ತೇವೆಯೇ? ಗ್ಯಾಸ್ಕೆಟ್ ಬದಲಿಸುತ್ತೇವೆ.

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಮ್ಮದು ಸೀಟಿನ ಕೆಳಗೆ ಇಂಜಿನ್ ಇರುವ ಹಳೇ ವ್ಯಾನು, ಅಂಗಡಿಯ ಸಾಮಾನಿಗೂ ಅದೇ, ಮಂದಿ ಕುಳಿತು ಊರಿಗೆ ಹೋಗುವುದಕ್ಕೂ ಅದೇ. ಹೋದ ವರ್ಷ ಬೇಸಿಗೆಯಲ್ಲಿ ನೀರು ಕಡಿಮೆಯಾಗತೊಡಗಿತು. ಒಂದು ಗ್ಯಾರೇಜಿಗೆ ತೋರಿಸಿದರು. ಅಲ್ಲಿ ಬಾನೆಟ್ಟೂ ನೋಡಲಿಲ್ಲ, ಸೀಟೂ ಎತ್ತಲಿಲ್ಲ, "ಹೆಡ್ಡು ಬಿಚ್ಚಬೇಕಾಗ್ತೈತ್ರಿ, ಇಪ್ಪತ್ತು ಸಾವಿರ ಹಿಡೀರಿ" ಅಂದರಂತೆ. ನಮ್ಮ ಮಗಳನ್ನು ಕಾಲೇಜಿಗೆ ಸೇರಿಸಲು ಎತ್ತಿಟ್ಟ ಹಣ ಅಷ್ಟೇ ಇತ್ತು. ನಮ್ಮ ಯಜಮಾನರು ವ್ಯಾನು ಮಾರಿಬಿಡೋಣ ಎಂದರು. ಮಾರಿದರೆ ಅಂಗಡಿಗೆ ಸಾಮಾನು ತರುವುದು ಹೇಗೆ? ನಾನು ಹದಿನೈದು ದಿನ ತಡೆಯಿರಿ ಎಂದೆ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರು ಪ್ರತಿ ಮನೆಯಲ್ಲೂ ಗೋಡೆಗೆ ನೇತಾಡುತ್ತದಲ್ಲ, ಅದರಲ್ಲೇ ಇನ್ನೊಂದು ಬಣ್ಣದ ಪೆನ್ನಿನಿಂದ ಬರೆಯಲು ಹತ್ತಿದೆ. ಬೆಳಿಗ್ಗೆ ಗಾಡಿ ಪೂರಾ ತಣ್ಣಗಿದ್ದಾಗ ನೋಡುವುದು, ಎಷ್ಟು ನೀರು ಹಿಡಿಯಿತು ಎಂದು ಅಳತೆಯ ಲೋಟದಿಂದ ಹಾಕುವುದು, ಹಿಂದಿನ ದಿನ ಗಾಡಿ ಎಲ್ಲಿಗೆ ಹೋಗಿತ್ತು ಎಂದು ಪಕ್ಕದಲ್ಲಿ ಗುರುತು. ರಾತ್ರಿ ಗಾಡಿಯ ಕೆಳಗೆ ಹಳೇ ರಟ್ಟಿನ ಡಬ್ಬಿ ಬಿಚ್ಚಿ ಹಾಸುವುದು. ಪ್ಲಾಸ್ಟಿಕ್ ಡಬ್ಬಿಯ ಮೇಲೆ ನೀರಿನ ಮಟ್ಟಕ್ಕೆ ಪೆನ್ನಿನ ಗೆರೆ. ಇಷ್ಟೇ ಕೆಲಸ, ದಿನಕ್ಕೆ ಐದು ನಿಮಿಷ.

ಎರಡು ವಾರಕ್ಕೆ ಕ್ಯಾಲೆಂಡರೇ ಮಾತಾಡಿತು. ಊರೊಳಗೆ ಶಾಲೆ, ಸಂತೆ, ಗಂಜ್ ಅಂತ ಓಡಾಡಿದ ದಿನ ಒಂದು ಹನಿಯೂ ಕಡಿಮೆಯಿಲ್ಲ. ಕಾರಟಗಿ ದಾಟಿ ಗಂಗಾವತಿಗೆ ಸಾಮಾನಿಗೆ ಹೋಗಿಬಂದ ಮರುದಿನ ಅರ್ಧ ಲೀಟರು. ಮಸ್ಕಿ ಮೇಲೆ ಲಿಂಗಸುಗೂರಿಗೆ ನಾದಿನಿಯ ಕುಬಸಕ್ಕೆ ಎಂಟು ಮಂದಿ ಹೋಗಿಬಂದ ಮರುದಿನ ಮುಕ್ಕಾಲು ಲೀಟರು. ರಟ್ಟಿನ ಮೇಲೆ ಮಾತ್ರ ಯಾವತ್ತೂ ಕಲೆಯಿಲ್ಲ. ಇನ್ನೊಂದು ವಿಚಿತ್ರ ಕಂಡಿತು: ರೇಡಿಯೇಟರಿನಲ್ಲಿ ನೀರು ಇಳಿದಿದ್ದರೂ ಪಕ್ಕದ ಡಬ್ಬಿ ತುಂಬಿಯೇ ಇರುತ್ತಿತ್ತು, ಅದರ ಹೊರಮೈಯಲ್ಲಿ ಒಣಗಿದ ಹಸಿರು ಕಲೆ.

ಈ ಕ್ಯಾಲೆಂಡರನ್ನೇ ಹಿಡಿದುಕೊಂಡು ಇನ್ನೊಬ್ಬ ವಯಸ್ಸಾದ ಮಿಸ್ತ್ರಿಯ ಹತ್ತಿರ ಹೋದೆವು. ಅವರು ನಕ್ಕರು. "ಲೆಕ್ಕಾ ಭಾಳ ಚಂದ ಬರದೀರಲ್ರೀ ಅಕ್ಕಾರ. ನಿಂತಾಗ ಸೋರಂಗಿಲ್ಲ, ಕಾದಾಗ ಮಾತ್ರ ಹೊಂಟೈತಿ. ಡಬ್ಬಿಗೆ ಹೋದ ನೀರು ತಿರುಗಿ ಬರವಲ್ದು. ಮುಚ್ಚಳಾ ನೋಡೂಣು ತಡೀರಿ" ಎಂದು ಮುಚ್ಚಳ ತೆಗೆದು ಕೈಯಲ್ಲಿಟ್ಟರು. ರಬ್ಬರು ಒಣಗಿದ ಕೊಬ್ಬರಿಯ ಹಾಗೆ ಗಟ್ಟಿಯಾಗಿ ಸೀಳಿತ್ತು. ಒತ್ತಡ ನಿಲ್ಲದೆ ನೀರು ಬೇಗ ಕುದಿದು ಡಬ್ಬಿಗೆ ನುಗ್ಗುವುದು, ಡಬ್ಬಿ ತುಂಬಿ ರಸ್ತೆಗೆ ಚೆಲ್ಲುವುದು, ತಣ್ಣಗಾದ ಮೇಲೆ ನೀರಿನ ಬದಲು ಗಾಳಿ ಒಳಗೆ ಹೋಗುವುದು. ಇದು ಬೇನೆ. ಇನ್ನೂರು ರೂಪಾಯಿಯ ಒಳಗೆ ಹೊಸ ಮುಚ್ಚಳ ಬಂತು, ಅದೇ ಅಂಕಿ ಬರೆದದ್ದು. ವ್ಯಾನು ಇವತ್ತಿಗೂ ಗಂಗಾವತಿಗೆ ಹೋಗಿ ಬರುತ್ತಿದೆ. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ.

ಎಲ್ಲರ ಗಾಡಿಗೂ ಮುಚ್ಚಳವೇ ಬೇನೆ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಬರೆದರೆ ಬೇನೆ ಯಾವ ಕಡೆ ಎಂದು ತಿಳಿಯುತ್ತದೆ. ರಟ್ಟಿನ ಮೇಲೆ ಕಲೆ ಬಿದ್ದರೆ ಹೊರಗಿನ ಸೋರಿಕೆ. ಕಲೆ ಯಾವ ಜಾಗದ ಕೆಳಗೆ ಬಿದ್ದಿದೆ ನೋಡಿ, ಅದರ ನೇರ ಮೇಲೆ ಹುಡುಕಿಸಿ. ಎ.ಸಿ. ಇರುವ ಕಾರಾದರೆ ಎ.ಸಿ. ಹಾಕಿದಾಗ ಸ್ವಚ್ಛ ನೀರು ತೊಟ್ಟಿಕ್ಕುವುದು ಸಹಜ, ಅದಕ್ಕೆ ಹೆದರಬೇಡಿ. ಅದಕ್ಕೆ ಬಣ್ಣವಿಲ್ಲ, ಒಣಗಿದರೆ ಗುರುತೂ ಉಳಿಯದು. ಕೂಲಂಟಾದರೆ ಮುಟ್ಟಿದರೆ ಸ್ವಲ್ಪ ಜಿಗುಟು, ಹಸಿರೋ ಕೆಂಪೋ ಬಣ್ಣ, ಒಣಗಿದ ಮೇಲೆ ಬೋರಿನ ನೀರು ಕಾಯಿಸಿದ ಪಾತ್ರೆಯ ಅಂಚಿನಂತೆ ಬೂದಿ ಹಿಡಿದಿರುತ್ತದೆ.

ಮೊದಲು ಸಂಶಯ ಪಡಬೇಕಾದದ್ದು ರಬ್ಬರಿನ ಹೋಸ್ ಪೈಪುಗಳ ಮೇಲೆ. ಗಾಡಿ ತಣ್ಣಗಿದ್ದಾಗ ಬೆರಳಿನಿಂದ ಒತ್ತಿ ನೋಡಿ. ಒತ್ತಿದರೆ ಒತ್ತಿಸಿಕೊಂಡು ತಿರುಗಿ ಮೊದಲಿನಂತಾಗಬೇಕು. ಕಟಕಟ ಎಂದರೆ, ಸಣ್ಣ ಸಣ್ಣ ಸೀಳು ಕಂಡರೆ, ಕ್ಲಿಪ್ಪಿನ ಹತ್ತಿರ ಹೊಟ್ಟೆ ಬಂದಿದ್ದರೆ, ಕೈಗೆ ಬಂದ ಹೆರಿಗೆಯಂತೆ, ಇವತ್ತು ನಾಳೆ ಎಂದು ಕಾಯಬೇಡಿ. ಆಮೇಲೆ ನೀರಿನ ಪಂಪು. ಅದರ ಕೆಳಗೆ ಒಂದು ಸಣ್ಣ ತೂತು ಬೇಕೆಂದೇ ಬಿಟ್ಟಿರುತ್ತಾರೆ. ಒಳಗಿನ ಸೀಲು ಸವೆದಾಗ ಅಲ್ಲಿಂದ ನೀರು ಜಿನುಗಿ ಗುರುತು ಕೊಡಲಿ ಎಂದು. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಿದ ಜಾಣರೂ ಇದ್ದಾರೆ! ರೇಡಿಯೇಟರಿನ ಮೈಯಲ್ಲಿ ಬೂದಿ ಗೆರೆ ಇದ್ದರೆ ಅಲ್ಲಿ ಕೂದಲೆಳೆಯ ಬಿರುಕು.

ಅರಿಶಿನದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಲಾರಿಯವರು ದಾರಿಯಲ್ಲಿ ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದುಂಟು, ಪುಡಿ ಉಬ್ಬಿ ಸಣ್ಣ ತೂತನ್ನು ಮುಚ್ಚುತ್ತದೆ, ಸುಳ್ಳಲ್ಲ. ಆದರೆ ಸಣ್ಣ ತೂತು ಯಾವುದು, ನೀರು ಹರಿಯುವ ಸಣ್ಣ ನಾಳ ಯಾವುದು ಎಂದು ಅರಿಶಿನಕ್ಕೆ ಗೊತ್ತಾಗುವುದಿಲ್ಲವಲ್ಲ. ಎರಡನ್ನೂ ಮುಚ್ಚುತ್ತದೆ. ಕಾಡಿನ ನಡುವೆ ಸಿಕ್ಕಿಕೊಂಡರೆ ಸರಿ, ಮನೆಗೆ ಬಂದ ಮೇಲೂ ಅದನ್ನೇ ನಂಬಿ ಕೂರುವುದು ಸರಿಯಲ್ಲ. ಅರಿಶಿನ ಸಾರಿಗೇ ಇರಲಿ.

ಹೊರಗೆ ಎಲ್ಲೂ ಸೋರುತ್ತಿಲ್ಲ, ಮುಚ್ಚಳವೂ ಹೊಸದು, ಆದರೂ ನೀರು ಹೋಗುತ್ತಿದೆ ಎಂದರೆ ಆಗ ಒಳಗಿನ ಸೋರಿಕೆಯ ಹೆದರಿಕೆ. ಇಂಜಿನ್ನಿನ ತಲೆಗೂ ಮೈಗೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಇರುತ್ತದೆ. ಅದು ಒಡೆದರೆ ನೀರು ಬೆಂಕಿ ಉರಿಯುವ ಜಾಗಕ್ಕೋ ಎಣ್ಣೆಯ ಜಾಗಕ್ಕೋ ಹೋಗುತ್ತದೆ. ಇದಕ್ಕೆ ಗುರುತುಗಳಿವೆ. ಇಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಮೈ ನೋಡಿ, ಆಯಿಲ್ ನೋಡುವ ಕಡ್ಡಿಯನ್ನೂ ಎಳೆದು ನೋಡಿ. ಎಣ್ಣೆ ಎಣ್ಣೆಯ ಹಾಗೇ ಇದ್ದರೆ ಸಮಾಧಾನ. ಹಾಲು ಹಾಕಿದ ಕಾಫಿಯ ಬಣ್ಣ ಬಂದು ನೊರೆ ನೊರೆಯಾಗಿ, ಮಜ್ಜಿಗೆ ಕಡೆದಾಗ ಕಡಗೋಲಿಗೆ ಹತ್ತಿದ ಹಾಗೆ ಹತ್ತಿದ್ದರೆ ಎಣ್ಣೆಗೆ ನೀರು ಸೇರಿದೆ, ಗಾಡಿ ಹೊರಡಿಸಬೇಡಿ. ಬರೀ ಮುಚ್ಚಳದ ಒಳಗೆ ಸ್ವಲ್ಪ ನೊರೆಯಿದ್ದು ಕಡ್ಡಿಯಲ್ಲಿ ಎಣ್ಣೆ ಸ್ವಚ್ಛವಿದ್ದರೆ, ದಿನಾ ಅರ್ಧ ಕಿಲೋಮೀಟರು ಓಡಿ ನಿಲ್ಲುವ ಗಾಡಿಯಲ್ಲಿ ಮಳೆ-ಚಳಿಗಾಲದಲ್ಲಿ ಹಾಗೆ ಬೆವರು ಕೂರುವುದೂ ಉಂಟು. ಹಿಂದಿನ ಪೈಪಿನಿಂದ ಇಂಜಿನ್ ಕಾದ ಮೇಲೂ ನಿಲ್ಲದೆ ದಟ್ಟ ಬಿಳಿ ಹೊಗೆ, ಅದಕ್ಕೆ ಸ್ವಲ್ಪ ಸಿಹಿ ವಾಸನೆ, ಇದು ಇನ್ನೊಂದು ಗುರುತು. ಮೂರನೆಯದು, ಬೆಳಿಗ್ಗೆ ತಣ್ಣಗಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದು ಗಾಡಿ ಚಾಲೂ ಮಾಡಿಸಿ, ಮುಖ ದೂರ ಇಟ್ಟು ನೋಡಿದರೆ ನೀರಿನಲ್ಲಿ ಸೋಡಾದ ಹಾಗೆ ಗುಳ್ಳೆ ಬರುತ್ತಲೇ ಇರುವುದು. ಮೊದಲು ನಾಲ್ಕು ಗುಳ್ಳೆ ಬಂದು ನಿಂತರೆ ಅದು ಒಳಗೆ ಉಳಿದ ಗಾಳಿ. ಒಂದೆರಡು ನಿಮಿಷ ನೋಡಿ ಇಂಜಿನ್ ನಿಲ್ಲಿಸಿ ಮುಚ್ಚಿಬಿಡಿ, ಬಿಸಿಯಾಗುವವರೆಗೆ ತೆರೆದಿಡಬಾರದು.

ಇಷ್ಟಾದರೂ ಮಿಸ್ತ್ರಿ ಹೆಡ್ಡು ಬಿಚ್ಚಬೇಕು ಎಂದರೆ, ಬಿಚ್ಚುವ ಮೊದಲು ಎರಡು ಪರೀಕ್ಷೆ ಕೇಳಿ. ಒಂದು, ರೇಡಿಯೇಟರಿಗೆ ಕೈಪಂಪು ಜೋಡಿಸಿ ಒತ್ತಡ ಏರಿಸಿ ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು. ಸೋರಿಕೆ ಎಲ್ಲಿದ್ದರೂ ಗಾಡಿ ತಣ್ಣಗಿದ್ದಾಗಲೇ ಸಿಗುತ್ತದೆ, ಮುಚ್ಚಳವನ್ನೂ ಅದರಲ್ಲೇ ಪರೀಕ್ಷಿಸಬಹುದು. ಇನ್ನೊಂದು, ನೀಲಿ ದ್ರವ ಇರುವ ಗಾಜಿನ ನಳಿಗೆಯಿಂದ ರೇಡಿಯೇಟರಿನ ಆವಿ ಎಳೆದು ನೋಡುವುದು. ಉರಿದ ಹೊಗೆ ನೀರಿಗೆ ಸೇರಿದ್ದರೆ ನೀಲಿ ಹಳದಿಯಾಗುತ್ತದೆ. ದೊಡ್ಡ ಗ್ಯಾರೇಜುಗಳಲ್ಲಿ ಇವು ಇರುತ್ತವೆ. ಸಾವಿರಗಟ್ಟಲೆ ಖರ್ಚಿನ ಕೆಲಸಕ್ಕೆ ಕೈಹಾಕುವ ಮೊದಲು ಇದನ್ನು ಕೇಳುವುದು ಉದ್ಧಟತನವಲ್ಲ. ಸೀರೆ ಕೊಳ್ಳುವಾಗ ಅಂಚು ತಿರುಗಿಸಿ ನೋಡುವುದಿಲ್ಲವೇ?

ನೀರು ಕಡಿಮೆಯಾಗದೆ ಬರೀ ಕಾಯುವ ಗಾಡಿಗಳ ಕಥೆ ಬೇರೆ. ಅಲ್ಲಿ ನೀರಿದೆ, ಆದರೆ ತಣ್ಣಗಾಗುತ್ತಿಲ್ಲ ಅಥವಾ ಹರಿಯುತ್ತಿಲ್ಲ. ನಮ್ಮ ಸೀಮೆಯಲ್ಲಿ ಇದಕ್ಕೆ ಒಂದು ದೊಡ್ಡ ಕಾರಣ ಭತ್ತ. ಸಿಂಧನೂರು ಎಂದರೆ ಭತ್ತ ತಾನೇ. ಕಟಾವಿನ ಮೆಷೀನು ಹೊಲಕ್ಕಿಳಿದ ಮೇಲೆ ಗಾಳಿಯಲ್ಲೆಲ್ಲಾ ಹೊಟ್ಟು, ಹುಲ್ಲಿನ ಚೂರು. ಮಿಲ್ಲುಗಳ ಮುಂದೆ ಹೋದರೆ ಉಮಿಯ ಧೂಳು. ಹತ್ತಿಯ ಕಾಲಕ್ಕೆ ಹತ್ತಿಯ ಎಳೆ. ಇದೆಲ್ಲಾ ಗಾಡಿಯ ಮುಂದಿನ ಜಾಲರಿಯಿಂದ ಒಳಹೊಕ್ಕು ರೇಡಿಯೇಟರಿನ ಸಣ್ಣ ರೆಕ್ಕೆಗಳ ನಡುವೆ ಕೂತು ಗೋಡೆ ಕಟ್ಟುತ್ತದೆ. ಗಾಳಿ ಹೋಗದಿದ್ದರೆ ನೀರು ಆರುವುದು ಹೇಗೆ? ಎ.ಸಿ. ಕಾರುಗಳಲ್ಲಿ ಮುಂದೆ ಇನ್ನೊಂದು ಜಾಲರಿ ಇರುತ್ತದೆ, ಎರಡರ ನಡುವೆ ತುಂಬಿದ್ದು ಹೊರಗಿನಿಂದ ಕಾಣುವುದೇ ಇಲ್ಲ. ಕೊಯ್ಲು ಮುಗಿದ ಮೇಲೆ ಒಮ್ಮೆ, ಇಂಜಿನ್ ತಣ್ಣಗಿದ್ದಾಗ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಗಾಡಿ ತೊಳೆಯುವವರ ಜೋರು ಪಂಪು ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಒಳಗಿನ ಕಟ್ಟಿಗೆ ಕಾರಣ ನಮ್ಮ ಬೋರಿನ ನೀರು. ಗೀಸರಿನ ಕಾಯಿಲು, ಚಹಾದ ಪಾತ್ರೆ ಎಲ್ಲಾ ನೋಡಿದ್ದೀರಿ, ಬಿಳಿ ಹೆಕ್ಕಳೆ. ಅದೇ ಹೆಕ್ಕಳೆ ರೇಡಿಯೇಟರಿನ ನಾಳಗಳಲ್ಲೂ ಇಂಜಿನ್ನಿನ ಒಳಮೈಯಲ್ಲೂ ಕಟ್ಟುತ್ತದೆ, ಕಟ್ಟಿದ ಮೇಲೆ ಕಾವು ಲೋಹದಿಂದ ನೀರಿಗೆ ದಾಟುವುದೇ ಇಲ್ಲ. ಲಿಂಗಸುಗೂರಿನ ಸೋದರಿ ದಿನಾ ಹಾಕುತ್ತಿರುವುದು ಯಾವ ನೀರು ಎಂದು ಬರೆದಿಲ್ಲ. ಬೋರಿನದಾದರೆ ಇಂದೇ ನಿಲ್ಲಿಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಎಲ್ಲಾ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕೆ ಕೂಲಂಟ್ ಬೆರೆಸುವುದು, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ. ಬೆರೆಸಿಯೇ ಮಾರುವ ಕೂಲಂಟ್ ಆದರೆ ಮತ್ತೆ ನೀರು ಹಾಕಬಾರದು. ಕೂಲಂಟ್ ಬರೀ ಚಳಿದೇಶದವರಿಗೆ, ನಮಗೇಕೆ ಎನ್ನುವವರಿದ್ದಾರೆ. ಕುದಿಯುವ ಮಟ್ಟ ಏರಿಸುವುದು, ತುಕ್ಕು ತಡೆಯುವುದು, ಪಂಪಿನ ಸೀಲು ಕಾಯುವುದು ಇವೆಲ್ಲಾ ಅದರ ಕೆಲಸ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರು ಜಿಲ್ಲೆಗೆ ಬೇಡವಾದರೆ ಇನ್ಯಾರಿಗೆ ಬೇಕು? ಒಂದು ಬಣ್ಣದ್ದರ ಮೇಲೆ ಇನ್ನೊಂದು ಬಣ್ಣದ್ದು ಸುರಿಯಬೇಡಿ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಯಾವ ನೀರಾದರೂ ಸರಿ, ಊರಿಗೆ ಬಂದ ಮೇಲೆ ತೆಗೆಸಿ ತೊಳೆಸಿದರಾಯಿತು.

ಫ್ಯಾನು ನೋಡುವುದು ಸುಲಭ. ಗಾಡಿ ನಿಲ್ಲಿಸಿ ಇಂಜಿನ್ ಚಾಲೂ ಇಟ್ಟರೆ ಹತ್ತು ಹದಿನೈದು ನಿಮಿಷಕ್ಕೆ ಕರೆಂಟಿನ ಫ್ಯಾನು ಸದ್ದು ಮಾಡಿ ತಿರುಗಬೇಕು, ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ಮುಳ್ಳು ಏರುತ್ತಿದ್ದರೂ ತಿರುಗದಿದ್ದರೆ ಇಂಜಿನ್ ಆರಿಸಿ. ಬೇನೆ ಫ್ಯೂಸು, ರಿಲೇ, ಸ್ವಿಚ್ಚು, ಮೋಟರು ಇವುಗಳಲ್ಲಿ. ರಸ್ತೆಯಲ್ಲಿ ಓಡುವಾಗ ಸರಿಯಿದ್ದು, ಬಜಾರಿನಲ್ಲಿ ನಿಂತಾಗ ಮಾತ್ರ ಕಾಯುವ ಗಾಡಿಯಲ್ಲಿ ಮೊದಲು ಫ್ಯಾನು ನೋಡಿಸಿ. ತಿರುಗುಮುರುಗಾಗಿ, ಊರಲ್ಲಿ ಸರಿಯಿದ್ದು ಜೋರು ಓಡಿದಾಗ ಕಾಯುವುದಾದರೆ ರೇಡಿಯೇಟರು ಕಟ್ಟಿದೆ ಎಂಬ ಸಂಶಯ ಹೆಚ್ಚು. ಒಂದು ಎಚ್ಚರಿಕೆ: ಈ ಫ್ಯಾನು ಇಂಜಿನ್ ಆರಿಸಿದ ಮೇಲೂ ಬಿಸಿಗೆ ತಾನಾಗಿಯೇ ತಿರುಗುವುದುಂಟು. ಸೆರಗು ಸಿಕ್ಕಿಸಿ, ಜಡೆ ಹಿಂದಕ್ಕೆ ಹಾಕಿ, ಬಳೆಯ ಕೈ ದೂರವಿರಲಿ.

ಥರ್ಮೋಸ್ಟಾಟ್ ಎಂಬುದು ನೀರಿನ ದಾರಿಯಲ್ಲಿ ಕೂತ ಬಾಗಿಲು. ಇಂಜಿನ್ ತಣ್ಣಗಿದ್ದಾಗ ಮುಚ್ಚಿ, ಸುಮಾರು 82ರಿಂದ 88 ಡಿಗ್ರಿಗೆ ತೆರೆಯುತ್ತದೆ. ಮುಚ್ಚಿಕೊಂಡೇ ಉಳಿದರೆ ಇಂಜಿನ್ ಕೆಂಡವಾಗುತ್ತದೆ, ರೇಡಿಯೇಟರು ತಣ್ಣಗೇ ಇರುತ್ತದೆ. ಮಿಸ್ತ್ರಿ ಅದನ್ನು ಬಿಚ್ಚಿ ಕೈಗೆ ಕೊಟ್ಟರೆ ಪರೀಕ್ಷೆ ನಮ್ಮ ಒಲೆಯ ಮೇಲೇ ಆಗುತ್ತದೆ. ಅಡಿಗೆಗೆ ಮತ್ತೆ ಬಳಸದ ಹಳೇ ಬೋಗುಣಿಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ನೀರು ಮಳ್ಳುವ ಮೊದಲೇ ಬಾಯಿ ತೆರೆಯಬೇಕು, ತಣ್ಣೀರಿಗೆ ಹಾಕಿದರೆ ಮುಚ್ಚಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ. ಕೆಲವರು ನಮ್ಮ ಬಿಸಿಲಿಗೆ ಇದು ಬೇಡ ಎಂದು ತೆಗೆದೇ ಬಿಡುತ್ತಾರೆ. ಆಗ ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲು ಹೆಚ್ಚು ತಿನ್ನುತ್ತದೆ, ಬೇಗ ಸವೆಯುತ್ತದೆ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ ಊರು ಇನ್ನು ನಾಲ್ಕೇ ಮೈಲಿ ಎಂದು ಓಡಿಸಬಾರದು. ಈಗಿನ ಇಂಜಿನ್ನುಗಳ ತಲೆ ಅಲ್ಯುಮಿನಿಯಂನದು, ಅತಿ ಕಾದರೆ ಸೊಟ್ಟಗಾಗುತ್ತದೆ. ಇನ್ನೂರು ರೂಪಾಯಿಯ ಬೇನೆ ಇಪ್ಪತ್ತು ಸಾವಿರದ್ದಾಗುವುದು ಆ ನಾಲ್ಕು ಮೈಲಿಯಲ್ಲೇ. ನೀರು ಪೂರಾ ಖಾಲಿಯಾದರೆ ಮುಳ್ಳು ಏರದೆ ಕೆಳಗೇ ನಿಂತು ಮೋಸ ಮಾಡುವುದೂ ಉಂಟು, ಯಾಕೆಂದರೆ ಅದು ಅಳೆಯುವುದು ನೀರಿನ ಬಿಸಿಯನ್ನು. ಆದ್ದರಿಂದ ಸುಟ್ಟ ವಾಸನೆ, ಆವಿ, ಟಕಟಕ ಶಬ್ದ ಬಂದರೆ ಮುಳ್ಳನ್ನು ನಂಬದೆ ನಿಲ್ಲಿಸಿ. ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿ, ವಯಸ್ಸಾದವರನ್ನೂ ಮಕ್ಕಳನ್ನೂ ಇಳಿಸಿ ನೆರಳಿಗೆ ಕೂರಿಸಿ. ನೆರಳಿಲ್ಲದ ದಾರಿ ನಮ್ಮದು, ಒಂದು ಕೊಡೆ, ಕುಡಿಯುವ ನೀರು ಗಾಡಿಯಲ್ಲಿ ಯಾವಾಗಲೂ ಇರಲಿ. ಮುಂದೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಏನೂ ಮಾಡಬಾರದು.

ಮುಚ್ಚಳ ಮುಟ್ಟಲೇಬಾರದು. ಸೀಟಿ ಹೊಡೆಯುತ್ತಿರುವ ಕುಕ್ಕರನ್ನು ಬಲವಂತವಾಗಿ ತೆರೆದರೆ ಏನಾಗುತ್ತದೆ ಎಂದು ನಮಗೆ ಗೊತ್ತು, ಗಂಡಸರಿಗೆ ಗೊತ್ತಿಲ್ಲ. ಅದಕ್ಕೇ ಅವಸರ ಪಡುತ್ತಾರೆ. ಆ ಹೊತ್ತಿನಲ್ಲಿ ಕೈ ಹಿಡಿದು ನಿಲ್ಲಿಸಿ. ಒತ್ತಡ ಹೋದ ಕ್ಷಣ ಒಳಗಿನ ನೀರೆಲ್ಲಾ ಕುದಿದು ಕಾರಂಜಿಯಂತೆ ಮುಖಕ್ಕೆ ಬರುತ್ತದೆ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಆರಾಮಾಗಿ ಹಿಡಿಯಲು ಬಂದಾಗ ಮಾತ್ರ, ದಪ್ಪ ಬಟ್ಟೆ ಹಾಕಿ, ಮುಖ ತಿರುಗಿಸಿ, ಮೆಲ್ಲಗೆ ತಿರುಗಿಸುವುದು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಸೀಳುತ್ತದೆ, ಕಾದ ಗಾಜಿನ ಲೋಟಕ್ಕೆ ಐಸು ಹಾಕಿದ ಹಾಗೆ. ಯಾರಿಗಾದರೂ ಸಿಡಿದರೆ ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಬಳೆ, ಉಂಗುರ, ವಾಚು ತೆಗೆಯಿರಿ. ಐಸು ಬೇಡ, ಟೂತ್‌ಪೇಸ್ಟು, ಇಂಕು, ಬೆಣ್ಣೆ ಬೇಡ. ಸ್ವಚ್ಛ ಬಟ್ಟೆ ಸಡಿಲಾಗಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ.

ಕೂಲಂಟನ್ನು ಮನೆಯಲ್ಲಿ ಇಡುವ ವಿಷಯ ಉಳಿಯಿತು, ಇದು ನಮ್ಮ ಕೈಯಲ್ಲೇ ಇರುವುದು. ಹೆಚ್ಚಿನ ಕೂಲಂಟುಗಳಲ್ಲಿರುವುದು ಎಥಿಲೀನ್ ಗ್ಲೈಕಾಲ್. ನೋಡಲು ಶರಬತ್ತಿನ ಬಣ್ಣ, ರುಚಿ ಸಿಹಿ, ಆದರೆ ವಿಷ. ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡುತ್ತದೆ, ಮಕ್ಕಳಿಗೆ ಸ್ವಲ್ಪವೇ ಸಾಕು. ಉಳಿದ ಕೂಲಂಟನ್ನು ತಂಪು ಪಾನೀಯದ ಬಾಟಲಿಗೆ ಹಾಕಿ ಕಿಟಕಿಯಲ್ಲಿಡುವ ಪದ್ಧತಿಯನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಎದೆ ಝಲ್ಲೆನ್ನುತ್ತದೆ. ಬಂದ ಡಬ್ಬಿಯಲ್ಲೇ ಇರಲಿ, ಹೆಸರು ಕಾಣುವ ಹಾಗೆ, ಬೀಗದೊಳಗೆ. ಮಗು ಕುಡಿದಿರಬಹುದು ಎಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಚೆನ್ನಾಗೇ ಆಡುತ್ತಿದೆ ಎಂದು ಕಾಯದೆ, ಡಬ್ಬಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಓಡಿ. ಕೆಡಕು ಕಾಣಿಸಿಕೊಳ್ಳಲು ಕೆಲವು ಗಂಟೆ ಹಿಡಿಯುತ್ತದೆ, ಔಷಧ ಕೊಡಬೇಕಾದದ್ದು ಅದಕ್ಕೆ ಮೊದಲು. ಅಂಗಳದಲ್ಲಿ ಚೆಲ್ಲಿದ್ದನ್ನು ಮಣ್ಣು ಹಾಕಿ ಎತ್ತಿ, ಆ ಜಾಗವನ್ನು ಬಹಳ ನೀರು ಹಾಕಿ ತೊಳೆಯಿರಿ, ಸಿಹಿಗೆ ನಾಯಿ, ಬೆಕ್ಕು, ಕರು ನೆಕ್ಕುತ್ತವೆ. ರೇಡಿಯೇಟರಿನಿಂದ ತೆಗೆದ ಹಳೇ ಕೂಲಂಟನ್ನು ಗ್ಯಾರೇಜಿನಲ್ಲೇ ಬಿಟ್ಟು ಬನ್ನಿ, ದನ ಕುಡಿಯುವ ಬಾನಿಯ ಹತ್ತಿರಕ್ಕಂತೂ ಅದು ಬರಲೇಬಾರದು.